ನೂರು ಮಣ್ಣಿನ ಬಿಲ್ಲೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಒಂದೇ ಅಪಾಯಕ್ಕೆ ಎರಡು ಕಟ್ಟಳೆ ಮಾಡಿದರೆ ಜನ ಎರಡು ಪಟ್ಟು ಕ್ಷೇಮವಾಗಿರುವುದಿಲ್ಲವೇ?”

ಗುರು ಹೇಳಿದರು:

ಗುಡ್ಡದ ಬುಡದಲ್ಲಿ ಒಂದು ಊರಿತ್ತು. ಸೌದೆಗೆಂದು ಮರ ಕಡಿದು ಕಡಿದು ಒಂದು ಮಳೆಗಾಲದಲ್ಲಿ ಗುಡ್ಡ ಕುಸಿಯಿತು. ಒಂದು ಬೀದಿ ಮಣ್ಣಿನಡಿ ಹೋಯಿತು. ಆ ಬೀದಿಯಲ್ಲಿ ಒಬ್ಬ ಕುಂಬಾರಗಿತ್ತಿಯ ಮಗಳೂ ಅಳಿಯನೂ ಇದ್ದರು. ಅವಳಿಗೆ ಉಳಿದದ್ದು ಮೊಮ್ಮಗಳೊಬ್ಬಳೇ.

ಹೆದರಿದ ಹಿರಿಯರು ವರ್ಷಕ್ಕೆ ನೂರು ಗಾಡಿ ಸೌದೆ ಮಾತ್ರ ಎಂದು ಗೊತ್ತುಮಾಡಿದರು. ಗಾಡಿಗೊಂದರಂತೆ ವರ್ಷವರ್ಷವೂ ನೂರು ಮಣ್ಣಿನ ಬಿಲ್ಲೆಗಳು ಬೆಂದು ಬಂದು, ಸೌದೆ ಉರಿಸುವವರಿಗೆ ಪಾಲಾಗುತ್ತಿದ್ದವು; ಬಿಲ್ಲೆಯಿಲ್ಲದೆ ಗಾಡಿ ಗುಡ್ಡಕ್ಕೆ ಹೋಗುವಂತಿರಲಿಲ್ಲ. ಸೌದೆ ಇಳಿದ ಮೇಲೆ ಆ ಗಾಡಿಯ ಬಿಲ್ಲೆಯನ್ನು ಚಾವಡಿಯ ಕಲ್ಲಿಗೆ ಒಡೆಯುತ್ತಿದ್ದರು. ಯಾರಾದರೂ ತಮಗೆ ಬೇಡವಾದ ಬಿಲ್ಲೆಯನ್ನು ಚಾವಡಿಯ ಬುಟ್ಟಿಗೆ ಹಾಕಬೇಕು, ಬೇಕಾದವರು ಎತ್ತಿಕೊಳ್ಳಬಹುದು.

ಕೆಲವು ವರ್ಷಗಳ ಮೇಲೆ ಕುಂಬಾರಗಿತ್ತಿಯ ಮನೆಯ ಹಿಂದೆ ಗುಡ್ಡ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಒಂದು ಬೆರಳು ಹಿಡಿಸುತ್ತಿತ್ತು. ಹಿರಿಯರು ಎರಡನೆಯ ಕಟ್ಟಳೆ ಮಾಡಿದರು: ಮಡಕೆ ಸುಡುವ ಆವಿಗೆಗೆ ಇನ್ನು ಸೌದೆ ಕೂಡದು, ಭತ್ತದ ಹೊಟ್ಟಿನಲ್ಲೇ ಬೇಯಿಸಬೇಕು.

ಹೊಟ್ಟಿನ ಬೆಂಕಿ ಹದಕ್ಕೆ ಬರದೆ ಅವಳ ಅರ್ಧ ಮಡಕೆಗಳು ಒಡೆದವು. ಅವಳು ಯಾರ ಮುಂದೆಯೂ ಹೇಳಿಕೊಳ್ಳುವ ಹೆಂಗಸಲ್ಲ. ತನ್ನ ಪಾಲಿನ ಮೂವತ್ತು ಬಿಲ್ಲೆಗಳನ್ನು ಊರೆಲ್ಲ ನೋಡುವಂತೆ ಬುಟ್ಟಿಗೆ ಸುರಿದು, ತಲೆಯೆತ್ತಿ ಮನೆಗೆ ಬಂದಳು. ಮೂವತ್ತು ಗಾಡಿ ಮರ ಉಳಿಯಿತು, ಮಗು ಉಳಿಯಿತು ಎಂದುಕೊಂಡಳು.

ಮುಂದಿನ ಮಳೆಗಾಲದಲ್ಲಿ ಬಿರುಕಿಗೆ ಕೈ ಹಾಕಿದರೆ ಮೊಣಕೈವರೆಗೆ ಹೋಯಿತು. ಒಳಗೆ ಮಣ್ಣು ಮೆಲ್ಲಗೆ ಜಾರುತ್ತಿತ್ತು.

ಗುಡ್ಡ ಹತ್ತಿ ನೋಡಿದಳು. ಹೊಸದಾಗಿ ಕಡಿದ ಬೊಡ್ಡೆಗಳು ಎಂದಿನಷ್ಟೇ ಇದ್ದವು. ಇಳಿದು ಬಂದಾಗ ಸುಣ್ಣ ಸುಡುವವನ ಅಂಗಳದಲ್ಲಿ ಎರಡು ಗೂಡುಗಳು ಉರಿಯುತ್ತಿದ್ದವು. ಹಿಂದೆಲ್ಲ ಬಿಲ್ಲೆ ಸಾಲದೆ ಅವನ ಒಂದೇ ಗೂಡು ಅರ್ಧ ವರ್ಷ ಆರಿರುತ್ತಿತ್ತು.

“ಇಷ್ಟು ಸೌದೆ ಎಲ್ಲಿಂದ ಬಂತಪ್ಪ?” ಎಂದಳು.

“ನೀನೇ ಕೊಟ್ಟದ್ದಲ್ಲವೇನಕ್ಕ? ಬುಟ್ಟಿಯಲ್ಲಿ ಬಿಲ್ಲೆ ಬಿದ್ದಿದ್ದವು, ಕೇಳುವವರಿರಲಿಲ್ಲ. ನಿನ್ನ ಹೆಸರು ಹೇಳಿಕೊಂಡೇ ಎರಡನೇ ಗೂಡು ಹಚ್ಚಿದೆ.”

ಅವನು ಕಳ್ಳನಲ್ಲ. ಯಾವ ಕಟ್ಟಳೆಯನ್ನೂ ಮೀರಿರಲಿಲ್ಲ.

ಅವಳು ಹಿರಿಯರ ಬಳಿಗೆ ಓಡಿದಳು. ಕೇಳಿ ಅವರೂ ಹೆದರಿದರು. ಆ ಹೆದರಿಕೆಯಲ್ಲೇ ಮೂರನೆಯ ಕಟ್ಟಳೆ ಮಾಡಿದರು: ಬಟ್ಟೆ ಬೇಯಿಸುವ ಅಗಸರೂ ಇನ್ನು ಸೌದೆ ಬಿಟ್ಟು ಹೊಟ್ಟನ್ನೇ ಉರಿಸಬೇಕು. ಬುಟ್ಟಿಯ ಮಾತನ್ನು ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಒಂದು ಕಲ್ಲು ಉರುಳಿ, ಮೊಮ್ಮಗಳು ಆಡುತ್ತಿದ್ದ ಹಿತ್ತಿಲಿಗೆ ಬಿದ್ದ ಸದ್ದು ಚಾವಡಿಗೂ ಕೇಳಿಸಿತು.

ಗುರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

“ಅವಳ ತಪ್ಪೇನಿದೆ ಗುರುಗಳೇ? ತನ್ನಿಂದಾದದ್ದನ್ನೆಲ್ಲ ಮಾಡಿದಳಲ್ಲ” ಎಂದ ಶಿಷ್ಯ, ಹೆದರಿದ ದನಿಯಲ್ಲಿ.

ಗುರು ಹೇಳಿದರು: “ಆ ಹೊಟ್ಟಿನ ಬೆಂಕಿಯಲ್ಲಿ ಅವಳ ಮಡಕೆಗಳು ಒಡೆದವು, ಊರಿಗೆಂದು ಅವಳೇ ತಟ್ಟಿ ಬೇಯಿಸಿದ ನೂರು ಬಿಲ್ಲೆಗಳಲ್ಲಿ ಒಂದೂ ಒಡೆಯಲಿಲ್ಲ. ಬಿಲ್ಲೆ ನೂರಿರುವವರೆಗೆ ಗುಡ್ಡದಿಂದ ಇಳಿಯುವ ಗಾಡಿಯೂ ನೂರೇ.”