ತಿರುವಪ್ಪನ ಹಣ್ಣು ತಿಂದವರು

ಒಂದು ಕಾಡಿನಲ್ಲಿ ಒಂದು ತಿರುವಿತ್ತು. ಕಾಡಿನ ಕಥೆ ಎಂದ ಮೇಲೆ ಹುಲಿಯಿಂದಲೋ ಸಿಂಹದಿಂದಲೋ ಶುರುವಾಗಬೇಕಲ್ಲ ಎಂದು ನೀವು ಕೇಳಬಹುದು. ಈ ಕಥೆ ತಿರುವಿನಿಂದಲೇ ಶುರು. ಗುಡ್ಡದಿಂದ ಕೊಳಕ್ಕೆ ಇಳಿಯುವ ದಾರಿ ಒಂದು ದೊಡ್ಡ ಬಂಡೆಯ ಪಕ್ಕ ಥಟ್ಟನೆ ಎಡಕ್ಕೆ ಹೊರಳುತ್ತಿತ್ತು. ಆಚೆಯಿಂದ ಬರುವವರು ಈಚೆಯವರಿಗೆ ಕಾಣುತ್ತಿರಲಿಲ್ಲ. ಬಂಡೆಯ ಹತ್ತಿರ ಒಂದು ಹೊನ್ನೆ ಮರ. ಅದರ ತುದಿಯಲ್ಲಿ ಕೆಂಚಮ್ಮ ಎಂಬ ದೊಡ್ಡ ಕೆಂಪು ಅಳಿಲು ಮನೆ ಮಾಡಿಕೊಂಡಿದ್ದಳು. ತಿರುವಿನ ಎರಡೂ ಕಡೆ ಕಾಣುತ್ತಿದ್ದದ್ದು ಅವಳಿಗೆ ಮಾತ್ರ.

ಆ ದಾರಿಯಲ್ಲಿ ಓಡುತ್ತಿದ್ದದ್ದು ಒಂದೇ ಬಂಡಿ. ಅದರ ಒಡೆಯ ಗುಳ್ಳಪ್ಪ ಎಂಬ ನರಿ. ಎಳೆಯುವುದಕ್ಕೆ ಎರಡು ಕಾಡುಹಂದಿಗಳು. ಮುದುಕರು, ಬಸುರಿಯರು, ಕಾಲು ನೋವಿನವರು ಎಲ್ಲರೂ ಅದರಲ್ಲೇ ಕೊಳಕ್ಕೆ ಹೋಗಿ ಬರಬೇಕು. ಬಂಡಿ ಇದ್ದದ್ದು ಒಳ್ಳೆಯದೇ. ಆದರೆ ಗುಳ್ಳಪ್ಪನಿಗೆ ಒಂದು ಹುಚ್ಚು. ಗುಡ್ಡದ ಮೇಲೆ ಎಳೆದುಕೊಂಡ ಉಸಿರನ್ನು ಕೊಳದ ದಡದಲ್ಲೇ ಬಿಡಬೇಕು ಎಂಬ ಹುಚ್ಚು. ತಿರುವು ಬಂದಾಗ ನಿಂತು, ಮೂರು ಸಲ ಕೂಗಿ, ಆಮೇಲೆ ಮುಂದೆ ಹೋಗುವುದು ಆ ಕಾಡಿನ ಹಳೆಯ ಪದ್ಧತಿ. ಗುಳ್ಳಪ್ಪ ನಿಲ್ಲುತ್ತಲೂ ಇರಲಿಲ್ಲ, ಕೂಗುತ್ತಲೂ ಇರಲಿಲ್ಲ. ಮುಳ್ಳುಕೋಲಿನಿಂದ ಹಂದಿಗಳ ಪಕ್ಕೆಗೆ ತಿವಿದು ನುಗ್ಗುತ್ತಿದ್ದ.

ಆ ಬೇಸಿಗೆಯಲ್ಲಿ ಮೊದಲು ಒಂದು ಮುಂಗುಸಿಯ ಬಾಲ ಚಕ್ರಕ್ಕೆ ಸಿಕ್ಕಿ ಮುರಿಯಿತು. ಆಮೇಲೆ ಚುಕ್ಕಜ್ಜಿ ಎಂಬ ಮುದಿ ಜಿಂಕೆಯ ಮುಂಗಾಲು. ಎರಡೂ ಸಲ ಎಲ್ಲರಿಗಿಂತ ಜೋರಾಗಿ ಅತ್ತವನು ಗುಳ್ಳಪ್ಪನೇ.

"ನನ್ನ ಬಂಡಿ ನಿಧಾನವಾಗೇ ಬರ್ತಿತ್ತು ಕಣ್ರಪ್ಪ. ಈ ತಿರುವಲ್ಲಿ ಏನೋ ಇದೆ. ಯಾರೋ ಹಿಂದಿನಿಂದ ನೂಕಿದ ಹಾಗಾಯ್ತು" ಎಂದು ಮೂಗು ಒರೆಸಿಕೊಂಡ.

ಅಷ್ಟಕ್ಕೇ ಬಿಡಲಿಲ್ಲ. ಬಂಡೆಗೆ ಕೆಮ್ಮಣ್ಣು ಬಳಿದ. ಅದಕ್ಕೆ ತಿರುವಪ್ಪ ಎಂದು ಹೆಸರಿಟ್ಟ. ತಿರುವಪ್ಪನಿಗೆ ಹಸಿವಾಗಿದೆ, ದಿನವೂ ಹಣ್ಣಿಟ್ಟು ಕೈಮುಗಿದರೆ ಶಾಂತನಾಗುತ್ತಾನೆ ಎಂದ. ಪ್ರಾಣಿಗಳು ಪಾಪ, ಹೆದರಿದ್ದವು. ಹಲಸು, ನೇರಳೆ, ಮಾವು, ಯಾರಿಗೆ ಏನು ಸಿಕ್ಕಿತೋ ಅದನ್ನು ತಂದು ಬಂಡೆಯ ಮುಂದೆ ಇಟ್ಟವು.

ಸಂಜೆ ಎಲ್ಲರೂ ಹೋದ ಮೇಲೆ ಆ ಹಣ್ಣು ಯಾರ ಹೊಟ್ಟೆ ಸೇರುತ್ತಿತ್ತು ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಅದನ್ನು ಕಂಡವಳು ಕೆಂಚಮ್ಮ ಒಬ್ಬಳೇ. ಒಂದು ಸಂಜೆ ಗುಳ್ಳಪ್ಪ ಬಾಯಿ ಚಪ್ಪರಿಸುತ್ತಾ ತಲೆ ಎತ್ತಿದಾಗ ಮೇಲಿದ್ದ ಅವಳ ಕಣ್ಣಿಗೂ ಅವನ ಕಣ್ಣಿಗೂ ಗಂಟು ಬಿತ್ತು. ಮರುದಿನದಿಂದ ಹೊನ್ನೆ ಮರದ ಬುಡದಲ್ಲಿ, ಮುತ್ತುಗದ ಎಲೆಯ ಮೇಲೆ, ನಾಲ್ಕು ಹಲಸಿನ ತೊಳೆ ಇರುತ್ತಿದ್ದವು. ಯಾತಕ್ಕೆ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮೊದಲ ದಿನ ಅತ್ತಿತ್ತ ನೋಡಿ ತಿಂದಳು. ಮೂರನೆಯ ದಿನ, ಇವತ್ತು ಇನ್ನೂ ಯಾಕೆ ಬರಲಿಲ್ಲ ಎಂದು ಅವಳೇ ಬಗ್ಗಿ ನೋಡಿದಳು. ಹಾಗಂತ ಕೆಂಚಮ್ಮ ಕೆಟ್ಟವಳೇನಲ್ಲ. ಹಣ್ಣು ಚೆನ್ನಾಗಿತ್ತು, ತಿಂದಳು, ಅಷ್ಟೇ.

ಹೀಗೆ ಒಂದು ತಿಂಗಳು ಕಳೆಯಿತು. ಮೊದಲ ಮಳೆ ಬಿತ್ತು.

ಆ ಕಾಡಿನಲ್ಲಿ ಮೊದಲ ಮಳೆ ಬಿದ್ದ ಮೂರನೆಯ ದಿನ ಮರಿಗಳ ಹಬ್ಬ. ಕೊಳದ ಆಚೆ ಒಂದು ಉಪ್ಪುನೆಲವಿತ್ತು. ಆ ವರ್ಷ ಹುಟ್ಟಿದ ಮರಿಗಳನ್ನೆಲ್ಲ ಅಲ್ಲಿಗೆ ಕರೆದೊಯ್ದು ಮೊದಲ ಸಲ ಉಪ್ಪು ನೆಕ್ಕಿಸಬೇಕು. ಹೋಗುವಾಗ ಮರಿಗಳ ಕಾಲು ನೆಲಕ್ಕೆ ತಾಗಬಾರದು. ತಾಗಿದರೆ ಉಪ್ಪು ಮೈಗೆ ಹತ್ತುವುದಿಲ್ಲವಂತೆ. ಅಷ್ಟು ದೂರ ಬೆನ್ನ ಮೇಲೆ ಹೊರಲೂ ಆಗದು, ಹಾಗಾಗಿ ಗುಳ್ಳಪ್ಪನ ಬಂಡಿಯೇ ಗತಿ. ಈ ವರ್ಷ ಹನ್ನೊಂದು ಮರಿಗಳಿದ್ದವು.

ಹಬ್ಬದ ಹಿಂದಿನ ಮಧ್ಯಾಹ್ನ ಚುಕ್ಕಜ್ಜಿ ಕುಂಟುತ್ತಾ ತಿರುವಿಗೆ ಬಂದಳು. ಬಾಯಲ್ಲಿ ಒಂದು ಗೊಂಚಲು ನೇರಳೆ. ಅದನ್ನು ಬಂಡೆಯ ಮುಂದೆ ಇಟ್ಟು, ಮುರಿದ ಕಾಲನ್ನು ಮಡಿಸಲಾಗದೆ ಓರೆಯಾಗಿಯೇ ತಲೆ ಬಾಗಿಸಿದಳು. ಕೆಂಚಮ್ಮ ಕೆಳಗಿನ ಕೊಂಬೆಗೆ ಇಳಿದಳು.

"ಅಜ್ಜಿ, ಈ ಕಾಲಲ್ಲಿ ಇಷ್ಟು ದೂರ ಯಾಕೆ ಬಂದ್ರಿ?"

"ನಾಳೆ ನನ್ನ ಮೊಮ್ಮಗಳು ಬಂಡೀಲಿ ಹೋಗ್ತಾಳಲ್ಲ ತಾಯಿ. ತಿರುವಪ್ಪ ನನ್ನ ಮೇಲಿನ ಸಿಟ್ಟನ್ನ ಅವಳ ಮೇಲೆ ತೀರಿಸಿಕೊಂಡ್ರೆ ಅಂತ ಭಯ."

"ನಿಮ್ಮ ಮೇಲೆ ಏನು ಸಿಟ್ಟು ಅವನಿಗೆ?"

"ಏನೋ ತಪ್ಪು ಮಾಡಿರ್ತೀನಿ. ಇಲ್ಲದಿದ್ರೆ ಅಷ್ಟು ಜನ ಓಡಾಡೋ ದಾರೀಲಿ ನನ್ನ ಕಾಲೇ ಯಾಕೆ ಹೋಗಬೇಕು? ಒಂದು ತಿಂಗಳಿಂದ ಯೋಚನೆ ಮಾಡ್ತಿದೀನಿ. ಯಾವ ತಪ್ಪು ಅಂತ ನೆನಪಿಗೇ ಬರ್ತಿಲ್ಲ" ಎಂದಳು ಚುಕ್ಕಜ್ಜಿ.

ಆ ದಿನ ನಡೆದದ್ದನ್ನು ಕೆಂಚಮ್ಮ ಕಣ್ಣಾರೆ ಕಂಡಿದ್ದಳು. ಅಜ್ಜಿ ನಿಂತಿದ್ದಳು. ಮೂರು ಸಲ ಕೂಗಿದ್ದಳು. ಆಮೇಲೇ ಹೆಜ್ಜೆ ಇಟ್ಟಿದ್ದಳು. ಕೂಗದೆ ನುಗ್ಗಿದ್ದು ಬಂಡಿ. ಅಷ್ಟು ಗೊತ್ತಿದ್ದೂ ಈಗ ಅವಳು ಅಜ್ಜಿ ಮರೆಯಾಗುವವರೆಗೆ ಸುಮ್ಮನೆ ಕೂತಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಪಕ್ಕದ ಕೊಂಬೆಯ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಮರಿ ಮಾಡಿಕೊಂಡು ಕೂತಿದ್ದಳು. ಮಂಗಟ್ಟೆಗಳು ಗೂಡಿನ ಬಾಯಿಗೆ ಒಳಗಿನಿಂದಲೇ ಗೋಡೆ ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಮಾತ್ರ ಸಂದು ಬಿಟ್ಟುಕೊಳ್ಳುತ್ತವೆ. ಕೆಂಚಮ್ಮ ಆ ಸಂದಿನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿ, "ಕಾವಲು ಠಾಣೆಗೆ ಹೋಗಿ ದೂರು ಕೊಡಲೇನೆ?" ಎಂದು ಕೇಳಿದಳು.

"ಊರ ಉಸಾಬರಿ ನಮಗ್ಯಾಕೆ?" ಎಂದಿತು ಕೊಕ್ಕು. "ಚಾಡಿ ಹೇಳೋಳು ಅನ್ನಿಸ್ಕೋತೀಯ. ನನ್ನ ನೋಡು, ನಾನು ಏನನ್ನೂ ನೋಡಲ್ಲ. ನನಗೆ ತೊಂದರೆಯೇ ಇಲ್ಲ."

"ನೀನು ಗೋಡೆ ಕಟ್ಕೊಂಡು ಕೂತಿದೀಯ ಕಣೆ. ನನ್ನ ಮನೆಗೆ ಗೋಡೆ ಇಲ್ವಲ್ಲ" ಎಂದಳು ಕೆಂಚಮ್ಮ.

ಅಷ್ಟರಲ್ಲಿ ಬುಡದಲ್ಲಿ ಸದ್ದಾಯಿತು. ಗುಳ್ಳಪ್ಪ ಎಲೆ ಹಾಸುತ್ತಿದ್ದ.

"ಕೆಂಚಕ್ಕ, ನಾಳೆ ಹಬ್ಬ. ಅದಕ್ಕೇ ಇವತ್ತು ಎಂಟು ತೊಳೆ."

ಕೆಂಚಮ್ಮ ಧೈರ್ಯ ಮಾಡಿದಳು. "ಗುಳ್ಳಪ್ಪಣ್ಣ, ನಾಳೆ ಬಂಡೀಲಿ ಮಕ್ಕಳಿರ್ತಾರೆ. ತಿರುವಲ್ಲಿ ಒಂದು ಗಳಿಗೆ ನಿಂತು, ಕೂಗಿ ಹೋಗಪ್ಪ. ನಿನಗೇನು ನಷ್ಟ?"

"ನಿಂತು ನಿಂತು ಹೋಗೋಕೆ ನಾನೇನು ಆಮೆಯಾ?" ಎಂದು ನಕ್ಕ ಗುಳ್ಳಪ್ಪ. ಆಮೇಲೆ ನಗು ನಿಂತಿತು. "ಅಕ್ಕ, ನಿನ್ನ ಕಣ್ಣು ಚುರುಕು. ಬಾಯಿ ಅಷ್ಟು ಚುರುಕಾಗೋದು ಬೇಡ. ಠಾಣೇಲಿ ಮೊದಲು ಏನು ಕೇಳ್ತಾರೆ ಗೊತ್ತಾ? ಒಂದು ತಿಂಗಳು ಯಾಕೆ ಸುಮ್ಮನಿದ್ದೆ ಅಂತ. ಹಲಸಿನ ಬೀಜ ಎಲ್ಲಾ ನಿನ್ನ ಮರದ ಬುಡದಲ್ಲೇ ಬಿದ್ದಿವೆ. ಇನ್ನು ನನ್ನನ್ನ ಹಿಡಿದುಕೊಂಡು ಹೋದ್ರೆ ನಾಳೆ ಬಂಡಿ ಹೂಡೋರು ಯಾರು? ಮಕ್ಕಳಿಗೆ ಉಪ್ಪು ತಪ್ಪಿದ್ರೆ ಹನ್ನೊಂದು ತಾಯಂದಿರೂ ನಿನಗೇ ಶಾಪ ಹಾಕ್ತಾರೆ."

ಹೇಳಿ ಅವನು ಹೊರಟುಹೋದ. ಕೆಂಚಮ್ಮ ಬುಡದ ಕಡೆ ನೋಡಿದಳು. ನಿನ್ನೆಯ ಒಂದೇ ಮಳೆಗೆ ಎರಡು ಬೀಜ ಬಾಯಿ ಬಿಟ್ಟಿದ್ದವು. ಗುಳ್ಳಪ್ಪ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ಅವಳಿಗೆ ಸಂಕಟ. ದೂರು ಕೊಟ್ಟರೆ ತನ್ನ ಮಾನ ಹೋಗುತ್ತದೆ, ಮರಿಗಳ ಹಬ್ಬ ಹೋಗುತ್ತದೆ. ಕೊಡದಿದ್ದರೆ ನಾಳೆ ತಾನು ಇದೇ ಕೊಂಬೆಯ ಮೇಲೆ ಕೂತು ಹನ್ನೊಂದು ಮರಿಗಳ ಬಂಡಿ ತಿರುವಿಗೆ ನುಗ್ಗುವುದನ್ನು ನೋಡಬೇಕು. ತಾಯಂದಿರ ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಅದನ್ನು ನೋಡಲಾಗದು ಎನ್ನಿಸಿತು. ಎಂಟು ತೊಳೆಗಳನ್ನು ಮುಟ್ಟದೆ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಹೊರಟಳು.

ಕಾಡಿನ ಕಾವಲು ಠಾಣೆ ಗುಡ್ಡದ ಆಚೆ ಆಲದ ಮರದ ಕೆಳಗಿತ್ತು. ಅಲ್ಲಿನ ದಫೇದಾರ ಕಾಟಯ್ಯ ಎಂಬ ಕಾಡುಕೋಣ. ಮೈ ಕಪ್ಪು, ಕಾಲು ಬಿಳಿ, ಮಾತು ಕಡಿಮೆ. ಇನ್ನೂ ಬಿಸಿಲಿತ್ತು. ಅವನು ಮೆಲುಕು ಹಾಕುತ್ತಾ ಕೂತಿದ್ದ.

"ದಫೇದಾರರೇ, ಒಂದು ದೂರಿದೆ. ಆದರೆ ನನ್ನ ಹೆಸರು..."

"ಹೆಸರು ನನ್ನ ಹೊಟ್ಟೇಲಿರುತ್ತೆ" ಎಂದ ಕಾಟಯ್ಯ. "ನನಗೆ ನಾಲ್ಕು ಹೊಟ್ಟೆ. ಜಾಗ ಇದೆ, ಹೇಳು."

ಕೆಂಚಮ್ಮ ಎಲ್ಲವನ್ನೂ ಹೇಳಿದಳು. ಮುಂಗುಸಿಯ ಬಾಲ, ಅಜ್ಜಿಯ ಕಾಲು, ಕೆಮ್ಮಣ್ಣು ಬಳಿದ ಬಂಡೆ. ತೊಳೆಗಳ ವಿಷಯ ಯಾರೂ ಕೇಳಿರಲಿಲ್ಲ. ಮುಚ್ಚಿಡಬಹುದಿತ್ತು. ಆದರೂ ಅದನ್ನೂ ಹೇಳಿಬಿಟ್ಟಳು.

ಕಾಟಯ್ಯ ಮೆಲುಕು ನಿಲ್ಲಿಸಿದ. "ಒಂದು ತಿಂಗಳು ತಡ ಮಾಡಿದೆ."

"ಹೌದು ದಫೇದಾರರೇ."

"ಆದರೂ ಒಂದು ದಿನ ಮುಂಚೆ ಬಂದೆ" ಎಂದ ಅವನು. ಆಲದ ಮರಕ್ಕೆ ಕೊಂಬಿನಿಂದ ಒಂದು ಗೀರು ಎಳೆದ. ದೂರು ದಾಖಲಾಯಿತು ಎಂದು ಅದರ ಅರ್ಥ. "ನೀನು ಕಂಡದ್ದನ್ನ ನೀನು ಹೇಳಿದೆ. ಇನ್ನು ನಾನು ನೋಡಬೇಕು. ನಾಳೆ ಬಂಡಿ ಖಾಲಿಯಾಗಿ ತಿರುವಿಗೆ ಬರೋ ಹೊತ್ತು ಯಾವುದಾದರೂ ಇದೆಯಾ?"

"ಇದೆ. ಹಬ್ಬದ ದಿನ ಮೊದಲು ಬಂಡಿಯನ್ನ ಕೊಳಕ್ಕೆ ಒಯ್ದು ತೊಳೀತಾರೆ. ಆಮೇಲೇ ಮಕ್ಕಳನ್ನ ಹತ್ತಿಸಿಕೊಳ್ಳೋದು."

"ಹಾಗಾದರೆ ಇವತ್ತು ನೆಮ್ಮದಿಯಾಗಿ ಮಲಗು" ಎಂದ ಕಾಟಯ್ಯ.

ಮರುದಿನ ಬೆಳಗಾಯಿತು. ತಿರುವಿನ ತುಂಬ ಮಂಜು. ತಾಯಂದಿರು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುವಪ್ಪನಿಗೆ ಹಣ್ಣಿಟ್ಟರು. ಬಂಡೆಯ ಮುಂದೆ ದೊಡ್ಡ ರಾಶಿಯೇ ಆಯಿತು. ಕಾಟಯ್ಯ ಅವರನ್ನೆಲ್ಲ ದಾರಿಯಿಂದ ದೂರ, ಎತ್ತರದ ದಿಬ್ಬದ ಮೇಲೆ ನಿಲ್ಲಿಸಿದ. ಯಾಕೆ ಎಂದು ಕೇಳಿದರೆ ಮೆಲುಕು ಹಾಕಿದ. ಆಮೇಲೆ ತಾನು ಬಂಡೆಗೆ ಒರಗಿ ಅಲ್ಲಾಡದೆ ನಿಂತ. ಹೊನ್ನೆ ಮರದ ತುದಿಯಲ್ಲಿ ಕೆಂಚಮ್ಮ ಗುಡ್ಡದ ಕಡೆಗೇ ಕಣ್ಣು ನೆಟ್ಟಿದ್ದಳು.

ಮೇಲಿನಿಂದ ಗಡಗಡ ಸದ್ದು ಬಂತು. ತಿರುವಿನ ಹತ್ತಿರ ಬಂದರೂ ಬಂಡಿ ನಿಲ್ಲಲಿಲ್ಲ. ಒಂದು ಸಲವೂ ಕೂಗು ಕೇಳಲಿಲ್ಲ. ಆಗ ಕಾಟಯ್ಯ ಮೂಗಿನಿಂದ ಒಮ್ಮೆ ಬುಸ್ಸೆಂದು ಉಸಿರು ಬಿಟ್ಟ. ಹಂದಿಗಳು ಬೆಚ್ಚಿ ನಾಲ್ಕೂ ಕಾಲು ನೆಲಕ್ಕೆ ಊರಿದವು. ಬಂಡಿ ಓಲಾಡಿ ನಿಂತಿತು. ಗುಳ್ಳಪ್ಪ ಮಾತ್ರ ನಿಲ್ಲಲಿಲ್ಲ. ಗಾಳಿಯಲ್ಲಿ ಒಂದು ಸುತ್ತು ಹಾಕಿ ಹಣ್ಣಿನ ರಾಶಿಯ ಮೇಲೆ ಬಿದ್ದ. ಕೆಳಗಿದ್ದ ಹಲಸಿನ ಹಣ್ಣು ಪಚಕ್ಕೆಂದಿತು.

ಮೈಯೆಲ್ಲ ಹಲಸಿನ ಅಂಟು ಮೆತ್ತಿಕೊಂಡು ಅವನು ತಲೆ ಎತ್ತಿದ. ಮಂಜಿನಲ್ಲಿ ಬಂಡೆಗೆ ಕೊಂಬು ಬಂದಿತ್ತು. ಬಂಡೆ ಉಸಿರಾಡುತ್ತಿತ್ತು.

"ತಿರುವಪ್ಪಾ, ತಪ್ಪಾಯ್ತು" ಎಂದು ಗುಳ್ಳಪ್ಪ ಅಡ್ಡಬಿದ್ದ. "ನೀನು ನಿಜವಾಗಿಯೂ ಇದೀಯ ಅಂತ ನನಗೆ ಗೊತ್ತಿರಲಿಲ್ಲ ತಂದೆ. ಹಣ್ಣೆಲ್ಲ ತಿಂದದ್ದು ನಾನೇ. ಮುಂಗುಸಿಯ ಬಾಲ ಮುರಿದದ್ದೂ ನನ್ನ ಬಂಡಿಯೇ. ಆ ಅಜ್ಜಿ ಮೂರು ಸಲ ಕೂಗಿದ್ದು ನನಗೆ ಕೇಳಿಸಿತ್ತು. ನಿಲ್ಲಿಸೋಕೆ ಮನಸ್ಸಾಗಲಿಲ್ಲ."

"ಇನ್ನೇನಾದರೂ ಇದೆಯಾ?" ಎಂದಿತು ಬಂಡೆ.

"ಇಷ್ಟೇ ಸ್ವಾಮಿ."

"ಹಾಗಾದರೆ ಠಾಣೆಗೆ ನಡಿ" ಎಂದು ದಫೇದಾರ ಕಾಟಯ್ಯ ಮುಂದೆ ಬಂದ.

ದಿಬ್ಬದ ಮೇಲಿದ್ದವರೆಲ್ಲ ಪ್ರತಿ ಮಾತನ್ನೂ ಕೇಳಿಸಿಕೊಂಡಿದ್ದರು. ಗುಳ್ಳಪ್ಪ ಹಲ್ಲು ಕಡಿಯುತ್ತಾ, "ಯಾರು ದೂರು ಕೊಟ್ಟೋರು?" ಎಂದ. ಕಾಟಯ್ಯ ಸುಮ್ಮನೆ ಮೆಲುಕು ಹಾಕಿದ. ಅವನ ನಾಲ್ಕು ಹೊಟ್ಟೆಗಳಿಂದ ಆ ಹೆಸರು ಹೊರಗೆ ಬರುತ್ತಲೇ ಇರಲಿಲ್ಲ.

ಆದರೆ ಕೆಂಚಮ್ಮ ತಾನೇ ಮರದಿಂದ ಇಳಿದಳು. ನೇರವಾಗಿ ದಿಬ್ಬದ ಮೇಲೆ ತಾಯಂದಿರ ನಡುವೆ ಇದ್ದ ಚುಕ್ಕಜ್ಜಿಯ ಮುಂದೆ ಹೋಗಿ ನಿಂತಳು.

"ನಾನು ಕೊಟ್ಟೆ. ಅಜ್ಜಿ, ಆ ದಿನ ನಾನು ಎಲ್ಲಾ ನೋಡಿದ್ದೆ. ಅವತ್ತೇ ಹೇಳಬೇಕಿತ್ತು. ನೀವು ಕುಂಟಿಕೊಂಡು ಬಂದು ಇಟ್ಟ ಹಣ್ಣಲ್ಲಿ ನಾನೂ ಪಾಲು ತಿಂದಿದೀನಿ."

ಒಬ್ಬಿಬ್ಬರು ತಾಯಂದಿರು ಮುಖ ತಿರುಗಿಸಿದರು. ಚುಕ್ಕಜ್ಜಿ ಹಣ್ಣಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಹಾಗಾದ್ರೆ ನಾನು ಏನೂ ತಪ್ಪು ಮಾಡಿರಲಿಲ್ವಾ?" ಎಂದು ಕೇಳಿದಳು.

"ಇಲ್ಲ ಅಜ್ಜಿ. ನಿಂತ್ರಿ, ಮೂರು ಸಲ ಕೂಗಿದ್ರಿ, ಆಮೇಲೇ ಹೆಜ್ಜೆ ಇಟ್ರಿ."

"ಇನ್ನೊಂದು ಸಲ ಹೇಳು ತಾಯಿ."

ಕೆಂಚಮ್ಮ ಇನ್ನೊಂದು ಸಲ ಹೇಳಿದಳು. ಚುಕ್ಕಜ್ಜಿಯ ಕಣ್ಣಲ್ಲಿ ನೀರು ಇಳಿಯಿತು. ತಿಂಗಳಿಂದ ಬಗ್ಗಿಯೇ ಇದ್ದ ಅವಳ ಕತ್ತು ಮೆಲ್ಲಗೆ ನೆಟ್ಟಗಾಯಿತು.

ಆಗ ಒಬ್ಬ ತಾಯಿ, "ಎಲ್ಲಾ ಸರಿ, ಈಗ ಮಕ್ಕಳ ಉಪ್ಪಿಗೆ ಏನು ದಾರಿ?" ಎಂದಳು. ಹಂದಿಗಳಲ್ಲಿ ಹಿರಿಯವನು ಗಂಟಲು ಸರಿಮಾಡಿಕೊಂಡ. "ಇಷ್ಟು ದಿನ ಬಂಡಿ ಎಳೆದದ್ದು ನಾವೇ ಅಲ್ವಾ ತಾಯಿ? ಬೆನ್ನಿಗೆ ಮುಳ್ಳುಕೋಲು ಇಲ್ಲದಿದ್ರೆ ನಿಧಾನವಾಗಿ ಹೋಗೋದು ನಮಗೂ ಗೊತ್ತು" ಎಂದ.

ಬಂಡಿ ತೊಳೆದು ಬಂತು. ತಿರುವಿನ ಮೇಲ್ಗಡೆ ಹನ್ನೊಂದು ಮರಿಗಳು ಹತ್ತಿದವು. ತಿರುವಿನಲ್ಲಿ ಬಂಡಿ ನಿಂತಾಗ ಹನ್ನೊಂದೂ ಸೇರಿ ಮೂರು ಸಲ ಕೂಗಿದವು. ಆ ಗದ್ದಲಕ್ಕೆ ಮಂಗಟ್ಟೆಯ ಗೋಡೆಯ ಸಂದಿನಿಂದಲೂ ಕೊಕ್ಕು ಹೊರಬಂದು ಏನಾಯಿತು ಎಂದು ನೋಡಿತು. ಉಪ್ಪುನೆಲ ಮುಟ್ಟುವಷ್ಟರಲ್ಲಿ ನೆತ್ತಿಯ ಮೇಲೆ ಸೂರ್ಯ ಬಂದಿದ್ದ. ತಡವಾಯಿತು ಎಂದು ಯಾರೂ ಗೊಣಗಲಿಲ್ಲ. ಚುಕ್ಕಜ್ಜಿಯ ಮೊಮ್ಮಗಳು ಉಪ್ಪು ನೆಕ್ಕಿ ಮುಖ ಕಿವುಚಿದಳು, ಆಮೇಲೆ ಇನ್ನೊಮ್ಮೆ ನೆಕ್ಕಿದಳು.

ಗುಳ್ಳಪ್ಪನಿಗೆ ಮುಂದೆ ಬಂಡಿ ಮುಟ್ಟುವ ಹಾಗಿರಲಿಲ್ಲ. ಮೂರು ಮಳೆಗಾಲ ಅದೇ ತಿರುವಿನಲ್ಲಿ ಕೂತು, ಯಾರು ಬಂದರೂ ಊಳಿಟ್ಟು ಎಚ್ಚರಿಸುವ ಕೆಲಸ ಕೊಟ್ಟರು. ಗಂಟಲು ಒಳ್ಳೆಯದಿತ್ತು, ಕೆಲಸ ಚೆನ್ನಾಗಿಯೇ ಮಾಡಿದ. ಕೆಂಚಮ್ಮ ಅಜ್ಜಿಯ ಕಾಲು ವಾಸಿಯಾಗುವವರೆಗೆ ದಿನವೂ ಹಣ್ಣು ಕೊಂಡೊಯ್ದಳು. ಅವಳಿಗೆ ಹಾಗೆಂದು ಯಾರೂ ಹೇಳಿರಲಿಲ್ಲ. ಬಂಡೆಯ ಕೆಮ್ಮಣ್ಣು ಆ ಮಳೆಗಾಲದಲ್ಲೇ ತೊಳೆದುಹೋಯಿತು. ಮತ್ತೆ ಯಾರೂ ಬಳಿಯಲಿಲ್ಲ.

ನೀತಿ: ದಾರಿಯಲ್ಲಿ ಇತರರ ಜೀವಕ್ಕೆ ಅಪಾಯ ತರುವವರನ್ನು ಕಂಡರೆ ಕಾವಲಿನವರಿಗೆ ತಿಳಿಸಬೇಕು. ಅದು ಚಾಡಿಯಲ್ಲ. ತಡವಾಗಿದ್ದರೂ, ಅದರಲ್ಲಿ ನಮ್ಮದೂ ತಪ್ಪಿದ್ದರೂ, ಇನ್ನೊಬ್ಬರಿಗೆ ಪೆಟ್ಟಾಗುವ ಮೊದಲು ಹೇಳಿಬಿಡಬೇಕು.