ಇದ್ದಲಿನ ಗೆರೆ

೧೯೮೩ನೇ ಇಸವಿ ಜನವರಿ ೧೪ರ ನನ್ನ ದಿನಚರಿಯಲ್ಲಿ ಹೀಗಿದೆ: ಸಂಕ್ರಾಂತಿ, ಅಮಾವಾಸ್ಯೆ ಎರಡೂ ಒಂದೇ ದಿನ. ತಂಗಿಯ ಮನೆಗೆ ಎಳ್ಳು ಕೊಟ್ಟು ಬಂದೆ. ಕುಮುದಾ ಎಳ್ಳು ಮುಟ್ಟಲಿಲ್ಲ, ಯಾರ ಜೊತೆಗೂ ಮಾತಿಲ್ಲ.

ಕುಮುದಾ ನನ್ನ ತಂಗಿಯ ಮಗಳು. ಆಗ ಅವಳಿಗೆ ಹದಿಮೂರು. ಆ ಬೆಳಿಗ್ಗೆ ನಡೆದದ್ದನ್ನೂ ಆಮೇಲಿನದನ್ನೂ ಅವಳು ದೊಡ್ಡವಳಾದ ಮೇಲೆ ತಾನೇ ಹೇಳಿದಳು. ಹೇಳಿದಂತೆ ಬರೆದಿದ್ದೇನೆ.

ಕಪಿಲಾ ನದಿಯ ದಂಡೆಯ ಮೇಲೆ ಅಲಮೇಲು ಮಿಸ್ ಅವರ ಟೆನಿಸ್ ಅಂಗಳವಿತ್ತು. ಸಿಮೆಂಟಿಲ್ಲ, ಹುಲ್ಲಿಲ್ಲ; ಸಗಣಿ ಸಾರಿಸಿದ ಮಣ್ಣಿನ ನೆಲ. ಒಂದು ಬದಿಗೆ ಸುಣ್ಣ ಬಳಿದ ಗೋಡೆ. ಮಿಸ್ ಒಂದು ಕಾಲದಲ್ಲಿ ರಾಜ್ಯಕ್ಕೆ ಆಡಿದವರು. ಸೀರೆ ಉಟ್ಟು, ಕ್ಯಾನ್ವಾಸ್ ಬೂಟು ಹಾಕಿಕೊಂಡು ಕಲಿಸುತ್ತಿದ್ದರು.

ಅಮಾವಾಸ್ಯೆಯ ದಿನ ಅಲ್ಲಿ ಆಟವಿಲ್ಲ. ಮಕ್ಕಳೇ ನೆಲ ಸಾರಿಸಬೇಕು. ಅದು ಆರುವ ಹೊತ್ತಿಗೆ ಒಬ್ಬೊಬ್ಬರಾಗಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಮಿಸ್ ನೆತ್ತಿಯ ಮೇಲೆ ಪುಸ್ತಕ ಒತ್ತಿ, ಇದ್ದಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ಹೆಸರಿನ ಮೊದಲಕ್ಷರ ಬರೆಯುವರು.

ಆ ದಿನ ಮೊದಲು ಗ್ರೇಸಿ ನಿಂತಳು. ಪೋಸ್ಟ್ ಮಾಸ್ಟರ ಮಗಳು, ಕುಮುದಾಳ ಓರಗೆಯವಳು. ಹೊಸ ಗೆರೆ ಹಳೆಯದರ ಮೇಲೆಯೇ ಬಿತ್ತು.

ಆಮೇಲೆ ಕುಮುದಾ ನಿಂತಳು. ಆರು ತಿಂಗಳಲ್ಲಿ ಅವಳ ಗೆರೆ ನಾಲ್ಕು ಬೆರಳು ಮೇಲೆ ಹೋಗಿತ್ತು. ಅವಳು ಬೀಗುತ್ತ ತಿರುಗಿ ನೋಡಿದಳು.

ಮಿಸ್ ಕೈಯ ಮಸಿ ಒರೆಸಿಕೊಂಡರು. "ನಾಳೆಯಿಂದ ನಿನಗೆ ಸರ್ವ್ ಬೇಡ."

"ಯಾಕೆ ಮಿಸ್?"

"ಗೆರೆ ನಿಲ್ಲಲಿ."

"ಗ್ರೇಸಿಗೆ?"

"ಅವಳು ಮಾಡಲಿ."

ಅವಳು ಎಳ್ಳು ಮುಟ್ಟದೆ ಹೋದದ್ದು ಇದಕ್ಕೆ.

ಮಾರನೆಯ ದಿನದಿಂದ ಗ್ರೇಸಿಗೆ ಒಂದು ಬುಟ್ಟಿ ಚೆಂಡು, ಕುಮುದಾಗೆ ಹಗ್ಗದಾಟ. ಗ್ರೇಸಿ ತಲೆಯ ಮೇಲಿಂದ ಚೆಂಡು ಬಾರಿಸಿ ಸರ್ವ್ ಮಾಡುವಾಗ ಕುಮುದಾ ಎಡಗೈಯಲ್ಲಿ ಕಲ್ಲೆಸೆದು ಹಿಡಿಯಬೇಕು, ಒಂಟಿಕಾಲಲ್ಲಿ ನಿಲ್ಲಬೇಕು, ನದಿಯವರೆಗೆ ಓಡಿ ಬರಬೇಕು. ಹಿಂದಿನಿಂದ ಟಪ್ ಟಪ್ ಎಂದು ಸದ್ದು ಕೇಳುತ್ತಿತ್ತು. ಒಂದೊಂದು ಸದ್ದೂ ತನ್ನ ಪಾಲಿನದನ್ನು ಯಾರೋ ತಿಂದಂತೆ.

ಮಿಸ್ ಗ್ರೇಸಿಯ ಮೊಣಕೈ ಹಿಡಿದು ತಿದ್ದಿದರೆ ಇವಳ ಮೈ ಉರಿಯುತ್ತಿತ್ತು. ಭೇಷ್ ಎಂದರಂತೂ ಅವತ್ತು ಊಟ ಸೇರುತ್ತಿರಲಿಲ್ಲ. ಬುಟ್ಟಿ ತುಂಬುವ ಕೆಲಸ ಸಿಕ್ಕಿದಾಗ ಹೊಸ ಚೆಂಡುಗಳನ್ನು ತಳಕ್ಕೆ ತಳ್ಳಿ, ರೋಮ ಉದುರಿದ ಬೋಳು ಚೆಂಡುಗಳನ್ನು ಮೇಲಿಟ್ಟಳು.

ಗ್ರೇಸಿ ಒಂದನ್ನು ಎತ್ತಿ ನೋಡಿದಳು. "ಏನೇ ಒಂಟೆ, ಇದು ನಿಮ್ಮ ತಾತನ ತಲೆಯಾ?"

ಒಂಟೆ ಅನ್ನುವ ಹೆಸರು ಅವಳು ಇಟ್ಟದ್ದೇ. ಉಳಿದವರೂ ಹಾಗೇ ಕರೆಯತೊಡಗಿದ್ದರು.

ಮುಂದಿನ ಅಮಾವಾಸ್ಯೆಗೆ ಅವಳ ಗೆರೆ ಮತ್ತೆ ಏರಿತು. ಅವತ್ತು ತಡೆಯಲಾಗಲಿಲ್ಲ. ಸಗಣಿ ಮೆತ್ತಿದ ಕೈಯಲ್ಲೇ ಮಿಸ್ ಮುಂದೆ ಹೋಗಿ ನಿಂತಳು. ಬೇಸಿಗೆಗೆ ಮೈಸೂರಿನಲ್ಲಿ ಪಂದ್ಯ ಇದೆ, ಗ್ರೇಸಿ ಹೋಗುತ್ತಾಳೆ, ತಾನು ಇಲ್ಲಿ ಹಗ್ಗ ಹಾರುತ್ತ ಕೂತಿರಬೇಕೇ ಎಂದು ಕೇಳಿದಳು.

ಮಿಸ್ ರಾಕೆಟ್ ತಂದು ಅವಳ ಕೈಗಿಟ್ಟರು. "ಹೋಗು. ಸರ್ವ್ ಮಾಡು."

"ಎಲ್ಲಿ?"

"ಅಂಗಳದಲ್ಲಿ."

ಆಗತಾನೇ ಸಾರಿಸಿದ ನೆಲ ಹಸಿರಾಗಿ ಮಿನುಗುತ್ತಿತ್ತು.

"ಇನ್ನೂ ಹಸಿ ಇದೆ ಮಿಸ್. ಕಾಲಿಟ್ಟರೆ ಕಿತ್ತು ಬರುತ್ತೆ."

"ಕಿತ್ತು ಬಂದರೆ?"

"ಅಲ್ಲಿ ಗುಂಡಿ ನಿಂತುಬಿಡುತ್ತೆ."

"ಇಷ್ಟು ಗೊತ್ತಿದೆಯಲ್ಲ" ಎಂದರು ಮಿಸ್. ರಾಕೆಟ್ ಹಿಂದಕ್ಕೆ ತೆಗೆದುಕೊಂಡು ಹೊರಟುಹೋದರು.

ಕುಮುದಾ ಬಹಳ ಹೊತ್ತು ಆ ನೆಲವನ್ನೇ ನೋಡುತ್ತ ನಿಂತಳು. ಅವಳಿಗೆ ಹೊಳೆದದ್ದು ಒಂದೇ: ಸಾರಿಸುವುದಕ್ಕೆ ತಾನು, ಆಡುವುದಕ್ಕೆ ಗ್ರೇಸಿ.

ಅಂದಿನಿಂದ ಟ್ಯೂಷನ್ ಎಂದು ಮನೆಯಲ್ಲಿ ಸುಳ್ಳು ಹೇಳಿ ಹಳೆಯ ಸೇತುವೆಯ ಕೆಳಗೆ ಹೋಗತೊಡಗಿದಳು. ಸೇತುವೆಯ ಕಂಬದ ಮೇಲೆ ಬಲೆಯ ಎತ್ತರಕ್ಕೆ ಗೆರೆ ಹಾಕಿಕೊಂಡು, ತಲೆಯ ಮೇಲಿಂದ ಬಾರಿಸಿದಳು. ತೋಳು ಸೋತರೂ ಬಾರಿಸಿದಳು. ಕಂಬದಲ್ಲಿ ಗ್ರೇಸಿಯ ಮುಖ ಕಾಣುವಾಗ ತೋಳಿನ ನೋವು ಮರೆತುಹೋಗುತ್ತಿತ್ತು.

ಕೆಲವು ವಾರಗಳಲ್ಲಿ ಚೆಂಡು ಗುಂಡಿನ ಹಾಗೆ ಹೋಗತೊಡಗಿತು. ಭುಜದಲ್ಲಿ ನೋವು ಮನೆ ಮಾಡಿತು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ಜಡೆ ಹಾಕು ಎಂದು ತಾಯಿಯ ಮುಂದೆ ಹೋಗಿ ಕೂರುತ್ತಿದ್ದಳು. ಇಷ್ಟು ದೊಡ್ಡವಳಾದರೂ ಮುದ್ದು ಹೋಗಿಲ್ಲ ಎಂದು ನನ್ನ ತಂಗಿ ಹಿಗ್ಗುತ್ತಿದ್ದಳು.

ಒಂದು ದಿನ ಮಿಸ್ ಅವಳ ಹತ್ತಿರ ಬಂದು ನಿಂತು ಮೂಗರಳಿಸಿದರು. "ನೀಲಗಿರಿ ಎಣ್ಣೆ. ಯಾರಿಗೆ ನೋವು?"

"ಅಜ್ಜಿಗೆ. ನಾನು ಹಚ್ಚಿಕೊಟ್ಟೆ."

"ಅಜ್ಜಿಗೆ ಹೇಳು. ನೋವು ಕೂಗಿ ಕರೆಯುವಾಗ ಅದರ ಬಾಯಿ ಮುಚ್ಚಬಾರದು."

ಹೇಳುತ್ತೇನೆ ಮಿಸ್ ಎಂದಳು ಕುಮುದಾ.

ಪಂದ್ಯಕ್ಕೆ ಮಿಸ್ ಕೊಟ್ಟ ಹೆಸರುಗಳಲ್ಲಿ ಅವಳದಿರಲಿಲ್ಲ. ಅವಳು ತಾಯಿಗೆ ಮಿಸ್ ಒಪ್ಪಿದ್ದಾರೆಂದು ಹೇಳಿ, ತಾಯಿಯಿಂದಲೇ ಹೆಸರು ಕೊಡಿಸಿದಳು. ಮೈಸೂರಿಗೆ ಬಂದ ಮೇಲೆ ಒಬ್ಬೊಬ್ಬರನ್ನೂ ಸೋಲಿಸಿ, ಕೊನೆಯ ಆಟಕ್ಕೆ ಗ್ರೇಸಿಯ ಎದುರು ನಿಲ್ಲುವ ಹಾಗಾಯಿತು.

ಆಟಕ್ಕೆ ಮುಂಚೆ ಮಿಸ್ ಅವಳನ್ನು ಹುಣಸೆಮರದ ನೆರಳಿಗೆ ಕರೆದರು. ಬೈಯಲಿಲ್ಲ. ಕೈ ಎತ್ತು ಎಂದರು. ಅವಳು ಹಲ್ಲು ಕಚ್ಚಿ ಎತ್ತಿದಳು. ಕಿವಿಯ ಹತ್ತಿರ ಬರುವಾಗ ಮುಖ ಬಿಳಿಚಿಕೊಂಡಿತು.

"ಆಡಬೇಡ. ಆಡಲೇಬೇಕು ಅಂದರೆ ಸರ್ವ್ ಕೆಳಗಿನಿಂದ ಮಾಡು. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ."

"ಎಲ್ಲರೂ ನಗ್ತಾರೆ."

"ನಗಲಿ."

"ಗ್ರೇಸಿ ಸೋತುಬಿಡ್ತಾಳೆ ಅಂತ ತಾನೇ ಮಿಸ್ ನಿಮಗೆ ಭಯ?"

ಆಗ ಮಿಸ್ ತನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿದ್ದರೆ ಎಂದು ಕುಮುದಾ ಇವತ್ತಿಗೂ ಹೇಳುತ್ತಾಳೆ. ಅವರು ಪಂದ್ಯ ನಡೆಸುವವರ ಬಳಿ ಹೋಗಿ ಆಟ ನಿಲ್ಲಿಸಿ ಎಂದರು. ತಾಯಿಯೇ ಹೆಸರು ಕೊಟ್ಟಿದ್ದಾರಲ್ಲ, ತಮ್ಮಿಂದಾಗದು ಎಂದು ಉತ್ತರ ಬಂತು.

ಕುಮುದಾ ಗೆದ್ದಳು. ಕೊನೆಯ ಸರ್ವ್ ಗ್ರೇಸಿಯ ರಾಕೆಟ್ಟಿಗೆ ತಗಲಲೇ ಇಲ್ಲ. ಚೆಂಡು ಹೋದ ಗಳಿಗೆಯಲ್ಲೇ ಭುಜದೊಳಗೆ ಹಸಿ ಕೊಂಬೆ ಮುರಿದ ಹಾಗಾಯಿತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಬಹುಮಾನದ ಬಟ್ಟಲನ್ನು ಅವಳು ಎಡಗೈಯಲ್ಲಿ ತೆಗೆದುಕೊಂಡಾಗ, ಹಿರಿಯರಿಂದ ಬಲಗೈಯಲ್ಲಿ ತೆಗೆದುಕೋ ಎಂದು ಯಾರೋ ಗದರಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಕೈಯನ್ನು ಎದೆಗೆ ಸೇರಿಸಿ ಪಟ್ಟಿ ಕಟ್ಟಿದರು. ಮೂಳೆ ಸರಿದಿದೆ, ಕೂಡಿಕೊಳ್ಳುತ್ತದೆ ಎಂದರು. ಆಮೇಲೆ ತಾಯಿಯನ್ನೂ ಮಿಸ್ಸನ್ನೂ ಹೊರಗೆ ಕರೆದುಕೊಂಡು ಹೋದರು. ತಾಯಿ ಮುಖ ತೊಳೆದುಕೊಂಡು ಒಳಗೆ ಬಂದಳು. ಏನಂದರು ಎಂದು ಕೇಳಿದ್ದಕ್ಕೆ, ಹಾಲು ಕುಡಿಯಬೇಕಂತೆ ಎಂದಳು.

ಗ್ರೇಸಿ ನೋಡಲು ಬಂದಳು. ಮಂಚದ ತುದಿಯಲ್ಲಿ ಕೂತು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹೊಟ್ಟೆ ಉರೀತಿದೆಯಾ?" ಎಂದಳು ಕುಮುದಾ.

"ಇದಕ್ಕಲ್ಲ ಕಣೇ." ಗ್ರೇಸಿ ಬಟ್ಟಲನ್ನು ಕೆಳಗಿಟ್ಟಳು. "ನನ್ನ ಗೆರೆ ನಿಂತು ವರ್ಷವಾಯ್ತು. ಇನ್ನು ಇಷ್ಟೇ, ಇರೋದರಲ್ಲೇ ಆಡು ಅಂದರು ಮಿಸ್. ನೀನು ಬೆಳೆದು ನಿಂತರೆ ನಿನ್ನ ಸರ್ವ್ ಯಾರಿಗೂ ಎಟುಕಲ್ಲ ಅಂತಾನೂ ಅಂದರು. ಪ್ರತಿ ಅಮಾವಾಸ್ಯೆ ನಿನ್ನ ಗೆರೆ ನೋಡಿ ಮನೆಗೆ ಹೋಗಿ ಅಳ್ತಿದ್ದೆ. ಒಂಟೆ ಅಂತ ಸುಮ್ಮನೆ ಕರೀತಿದ್ನಾ?"

ತನ್ನ ವಿಷಯ ಹೀಗೆಂದು ಮಿಸ್ ತನಗೇ ಯಾಕೆ ಹೇಳಲಿಲ್ಲ ಎಂದು ಕುಮುದಾಗೆ ಮತ್ತೆ ಮತ್ತೆ ಅನ್ನಿಸಿತು.

ಪಟ್ಟಿ ಬಿಚ್ಚಿದ ಮೇಲೆ ಬಂದ ಅಮಾವಾಸ್ಯೆಗೆ ಅವಳು ದಂಡೆಗೆ ಹೋದಳು. ಮಕ್ಕಳು ಸಾರಿಸಿ ಮುಗಿಸಿದ್ದರು. ಯಾರೂ ಕರೆಯದಿದ್ದರೂ ಗೋಡೆಗೆ ಬೆನ್ನು ಕೊಟ್ಟು ನಿಂತಳು.

ಮಿಸ್ ಪುಸ್ತಕ ಒತ್ತಿ ಗೆರೆ ಎಳೆದರು. ಮತ್ತೆ ಎರಡು ಬೆರಳು ಮೇಲೆ.

"ಮಿಸ್, ಗ್ರೇಸಿಗೆ ಹೇಳಿದ್ದನ್ನು ನನಗೆ ಯಾಕೆ ಹೇಳಲಿಲ್ಲ?"

"ಹಸಿ ನೆಲ ತೋರಿಸಿದೆ, ಸಾಕು ಅಂದುಕೊಂಡೆ. ಸಾಲಲಿಲ್ಲ."

"ಇನ್ನು ಗೆರೆ ನಿಂತ ಮೇಲೆ ಸರ್ವ್ ಮಾಡಬಹುದಾ?"

ಮಿಸ್ ಅವಳ ಎರಡೂ ಕೈಗಳನ್ನು ಗೋಡೆಗುಂಟ ಕೆಳಕ್ಕೆ ನೀಡಿಸಿದರು. ನೆಲದ ಮೇಲೆ ಕೂತು, ಎಡಗೈ ಬೆರಳ ತುದಿಗೆ ಒಂದು ಗೆರೆ ಎಳೆದರು, ಬಲಗೈ ಬೆರಳ ತುದಿಗೆ ಒಂದು ಗೆರೆ ಎಳೆದರು. ಎರಡೂ ಒಂದೇ ಮಟ್ಟದಲ್ಲಿದ್ದವು.

"ಇದು ಯಾಕೆ ಮಿಸ್? ಯಾವತ್ತೂ ಎಳೆದಿರಲಿಲ್ಲ."

ಮಿಸ್ ಇದ್ದಲನ್ನು ಕೆಳಗಿಟ್ಟು ಅವಳ ಬಲಗೈ ಹಿಡಿದುಕೊಂಡರು.

"ಈ ಸಲ ಬಿಡಿಸಿ ಹೇಳ್ತೀನಿ, ಕುಮುದಾ. ಮುರಿದದ್ದು ಭುಜದ ಮೂಳೆ ಬೆಳೆಯೋ ಜಾಗ ಅಂದರು ಡಾಕ್ಟರು. ನೀನು ಇನ್ನೂ ಬೆಳೀತೀಯ. ಈ ಕೈ ಬೆಳೆಯಲ್ಲ."