ಸೋಂಪಿನ ಹೊಲದ ಕಪ್ಪು ಹುಳು

"ಗುರುಗಳೇ, ದಾಸೋಹದ ಉಗ್ರಾಣದಲ್ಲಿ ಅಕ್ಕಿ ಕಳವಾಗುತ್ತಿದೆ. ಅಡುಗೆಮನೆಯಲ್ಲಿ ದುಡಿಯುವವರು ಎಂಟು ಮಂದಿ. ಕದ್ದವರು ಯಾರೆಂದು ಗೊತ್ತಿಲ್ಲ. ಎಂಟು ಮಂದಿಯನ್ನೂ ಇವತ್ತೇ ಕಳಿಸಿಬಿಟ್ಟರೆ ಕೇಡು ಬುಡಸಮೇತ ಹೋಗುವುದಿಲ್ಲವೇ?"

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ ನಿರ್ವಾಣಯ್ಯ. ಆ ಎಂಟು ಮಂದಿ ಆಗಲೇ ಹೊರಗಿನ ಜಗುಲಿಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಗುರುಗಳು ಶಿಷ್ಯನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ರೈತ ಸೋಂಪು ಬಿತ್ತಿದ್ದ. ಹೂ ಬಿಡುವ ಹೊತ್ತಿಗೆ ಗಿಡಹೇನು ಬಿತ್ತು. ಎಳೆಯ ಕಾಂಡದ ಮೇಲೆ, ಹೂಗೊಂಚಲಿನ ಅಡಿಯಲ್ಲಿ ಹಸಿರು ಹೇನುಗಳು ಒತ್ತಾಗಿ ಕೂತು ರಸ ಹೀರತೊಡಗಿದವು. ರೈತ ವಿಷ ಕಲಸಿ ಪಂಪು ಬೆನ್ನಿಗೇರಿಸಿದ. ಹೆಂಡತಿ ಬದುವಿನ ಮೇಲೆ ಅಡ್ಡ ನಿಂತಳು.

"ಹೋದ ವರ್ಷ ಕಂಡ ದಿನವೇ ಹೊಡೆದಿರಿ. ಹೇನೂ ಸತ್ತವು, ಜೇನೂ ಸತ್ತವು. ಇಪ್ಪತ್ತು ದಿನಕ್ಕೆ ಹೇನು ತಿರುಗಿ ಬಂತು, ಕಾಳು ಮಾತ್ರ ಕಟ್ಟಲಿಲ್ಲ. ಈ ಸಲ ಒಂದು ವಾರ ನನ್ನ ಕೈಗೆ ಬಿಡಿ."

"ವಾರದೊಳಗೆ ಹೊಲವೇ ಹೋದರೆ?"

"ಹೋಗುವ ಹಾಗೆ ಕಂಡರೆ ವಿಷ ಕಲಸಲು ನಾನೇ ನೀರು ಹೊತ್ತು ತರುತ್ತೇನೆ, ನೀವು ಹೊಡೆಯಿರಿ."

ರೈತ ಪಂಪು ಇಳಿಸಿದ. ಮನಸ್ಸಿನ ಆತಂಕ ಇಳಿಯಲಿಲ್ಲ.

ಅವಳು ದಿನಾ ಬೆಳಿಗ್ಗೆ ಸಾಲಿನಲ್ಲಿ ನಡೆದು ಗಿಡ ಗಿಡ ನೋಡಿದಳು. ಹೇನು ಮುತ್ತಿದ ಗೊಂಚಲುಗಳನ್ನು ಕತ್ತರಿಸಿ ಹೂತಳು. ಬೇವಿನ ಬೀಜ ಕುಟ್ಟಿ ನೆನೆಹಾಕಿ, ಸೋಸಿ, ಜೇನ್ನೊಣಗಳು ಗೂಡಿಗೆ ಮರಳಿದ ಮೇಲೆ ಸಂಜೆ ಸಿಂಪಡಿಸಿದಳು. ಮೂರನೆಯ ದಿನ ಹೇನು ಕಡಿಮೆಯಾದಂತೆ ಕಂಡಿತು. ನಾಲ್ಕನೆಯ ದಿನ ಮತ್ತೆ ಹೆಚ್ಚಿತು. ಪಕ್ಕದ ಹೊಲದವನು ಔಷಧಿ ಹೊಡೆಯುವ ಸದ್ದು ಬೆಳಗಿನಿಂದ ಕೇಳುತ್ತಿತ್ತು.

ಐದನೆಯ ದಿನ ಅವನೊಬ್ಬನೇ ಹೊಲಕ್ಕೆ ಹೋದ. ಕಾಂಡಗಳ ಮೇಲೆ ಹೇನಿನ ನಡುವೆ ಬೇರೆ ಹುಳುಗಳು ಹರಿದಾಡುತ್ತಿದ್ದವು. ಮೈ ಕಪ್ಪು, ಅಲ್ಲಲ್ಲಿ ಕೇಸರಿ ಚುಕ್ಕೆ, ಬೆನ್ನ ಮೇಲೆಲ್ಲ ಮುಳ್ಳು. ಹೇನು ಸಾಲದೆಂದು ಇದೂ ಬಂತೇ ಎಂದುಕೊಂಡ. ನಾಲ್ಕು ದಿನದ ಸಿಟ್ಟೆಲ್ಲ ಬೆರಳಿಗೆ ಬಂತು. ಕಂಡ ಕಂಡ ಕಪ್ಪು ಹುಳುವನ್ನು ಹೊಸಕುತ್ತ ಹೋದ. ಹೆಂಡತಿ ಬರುವ ಹೊತ್ತಿಗೆ ಮೂರು ಸಾಲು ಮುಗಿದಿತ್ತು.

ಅವಳು ಅವನ ಕೈ ಹಿಡಿದು ಕೆಳಗೆ ಕೂರಿಸಿದಳು. ನಾಲ್ಕನೆಯ ಸಾಲಿನಲ್ಲಿ ಒಂದು ಹುಳುವನ್ನು ತೋರಿಸಿದಳು. ಅದರ ಬಾಯಲ್ಲಿ ಒಂದು ಹೇನಿತ್ತು. ಹೇನಿನ ಕಾಲು ಇನ್ನೂ ಆಡುತ್ತಿತ್ತು.

"ಇದು ಗುಲಗಂಜಿ ಹುಳುವಿನ ಮರಿ, ಕೆಂಪು ಬೆನ್ನಿಗೆ ಕಪ್ಪು ಚುಕ್ಕೆ ಇರುತ್ತದಲ್ಲ, ಅದರದು" ಎಂದಳು. "ಹೇನು ತಿಂದೇ ಬೆಳೆಯುವುದು. ಇಷ್ಟು ದಿನ ನಾನು ಕಾದದ್ದು ಇದು ಬರಲಿ ಎಂದು."

ರೈತ ಬೆರಳನ್ನು ಪಂಚೆಗೆ ಒರೆಸಿಕೊಂಡ.

ಉಳಿದ ಸಾಲುಗಳಲ್ಲಿ ಮರಿಗಳು ತಮ್ಮ ಕೆಲಸ ಮಾಡಿದವು. ಹತ್ತು ದಿನದಲ್ಲಿ ಹೇನು ತೆಳುವಾಯಿತು, ಜೇನು ಕೂತ ಹೂಗಳೆಲ್ಲ ಕಾಳು ಕಟ್ಟಿದವು. ಅವನು ಹೊಸಕಿದ ಮೂರು ಸಾಲಿನಲ್ಲಿ ಹೇನು ಹಬ್ಬಿ, ಎಲೆಯ ಮೇಲೆ ಅಂಟು ಸುರಿದು, ಕಪ್ಪು ಬೂಷ್ಟು ಹಿಡಿಯಿತು. ಹೆಂಡತಿ ಮಾತು ತಪ್ಪಲಿಲ್ಲ. ತಾನೇ ನೀರು ಹೊತ್ತು ತಂದಳು. ಆ ಮೂರು ಸಾಲಿಗೆ ಮಾತ್ರ, ಸಂಜೆ, ಅವನು ವಿಷ ಹೊಡೆದ. ಅಲ್ಲಿ ಕೈಗೆ ಬಂದದ್ದು ಹೆಚ್ಚೂ ಕಡಿಮೆ ಬರೀ ಹೊಟ್ಟು.

ಗುರುಗಳು ಕತೆ ನಿಲ್ಲಿಸಿದರು.

"ಆ ರೈತನಿಗೆ ಹುಳುವಿನ ಗುರುತಿರಲಿಲ್ಲ" ಎಂದ ನಿರ್ವಾಣಯ್ಯ. "ಈ ಎಂಟು ಮಂದಿ ನನಗೆ ಹೊಸಬರಲ್ಲ. ವರ್ಷಗಳಿಂದ ನೋಡಿದ್ದೇನೆ."

ಗುರುಗಳು ಜಗುಲಿಯ ಕಡೆ ನೋಡಿದರು.

"ಅಕ್ಕಿ ಕಳವಾಗುತ್ತಿದೆ ಎಂದು ನಿನಗೆ ಬಂದು ಹೇಳಿದವನು ಅವರಲ್ಲೇ ಒಬ್ಬನಲ್ಲವೇ? ಅವನನ್ನೂ ಹೊಸಕಿಬಿಡುತ್ತೀಯಾ?"